ಇಂಗ್ಲಿಷಿನ ಪೂರ್ಣ ಭವಿಷ್ಯತ್ಕಾಲ: ಕಾಲಸೂಚಕಗಳ ಆಯ್ಕೆ

ಮುಂದೆ ಬರಲಿರುವ ಒಂದು ಗಳಿಗೆಯನ್ನು ಗುರುತು ಮಾಡಿಕೊಂಡು, ಅದಕ್ಕೂ ಮೊದಲೇ ಮುಗಿದಿರುವ ಕೆಲಸವನ್ನು ಹೇಳುವ ಇಂಗ್ಲಿಷ್ ಕ್ರಿಯಾರೂಪಕ್ಕೆ ಫ್ಯೂಚರ್ ಪರ್ಫೆಕ್ಟ್, ಅಂದರೆ ಪೂರ್ಣ ಭವಿಷ್ಯತ್ಕಾಲ ಎಂದು ಹೆಸರು. ‘ವಿಲ್ ಹ್ಯಾವ್’ ಎಂಬ ಜೋಡಿಯ ಮುಂದೆ ಕ್ರಿಯಾಪದದ ಮೂರನೆಯ ರೂಪ ಬಂದರೆ ಅದು ಸಿದ್ಧ: ‘ವಿಲ್ ಹ್ಯಾವ್ ಫಿನಿಶ್ಡ್’, ‘ವಿಲ್ ಹ್ಯಾವ್ ಗಾನ್’. ಆ ಗಳಿಗೆ ಬರುವಾಗ ಕೆಲಸ ಎಷ್ಟು ಕಾಲದಿಂದ ನಡೆಯುತ್ತ ಬಂದಿರುತ್ತದೆ ಎಂದು ಹೇಳಬೇಕಾದರೆ ‘ವಿಲ್ ಹ್ಯಾವ್ ಬೀನ್’ ಮುಂದೆ ‘ಇಂಗ್’ ರೂಪ ಸೇರುತ್ತದೆ. ಇದು ಪೂರ್ಣ ನಿರಂತರ ಭವಿಷ್ಯತ್ಕಾಲ. ಕರ್ತೃ ಯಾರೇ ಆಗಲಿ, ಒಬ್ಬರಿರಲಿ ಹತ್ತು ಜನರಿರಲಿ, ರೂಪ ಬದಲಾಗುವುದಿಲ್ಲ. ಆದ್ದರಿಂದ ಬಾಯಿಪಾಠಕ್ಕೆ ಇದು ಇಂಗ್ಲಿಷಿನ ಅತಿ ಸುಲಭದ ಕಾಲಗಳಲ್ಲೊಂದು, ಬಳಕೆಗೆ ಅಷ್ಟು ಸುಲಭವಲ್ಲ.

ಬಳಕೆಯ ತೊಡಕೆಲ್ಲ ಜೊತೆಗೆ ಬರುವ ಕಾಲಸೂಚಕದಲ್ಲಿದೆ. ‘ಐ ವಿಲ್ ಹ್ಯಾವ್ ಈಟನ್’ ಎಂದು ಹೇಳಿ ಸುಮ್ಮನಾದರೆ ಕೇಳಿದವರಿಗೆ ಮಾತು ಅರ್ಧಕ್ಕೆ ನಿಂತಂತೆ ಅನ್ನಿಸುತ್ತದೆ. ‘ಐ ವಿಲ್ ಈಟ್’ಗೆ ಈ ಕೊರತೆಯಿಲ್ಲ. ಪೂರ್ಣ ಭವಿಷ್ಯತ್ತಿನ ಕ್ರಿಯಾಪದ ತಾನಾಗಿ ಹೇಳುವುದು ಒಂದೇ ಸಂಗತಿಯನ್ನು: ಕೆಲಸ ಯಾವುದೋ ಒಂದು ಗಡಿಗಿಂತ ಹಿಂದಿದೆ. ಆ ಗಡಿ ಯಾವುದೆಂದು ಹೇಳುವುದು ಕಾಲಸೂಚಕದ ಪಾಲು. ಹೀಗಾಗಿ ಇಲ್ಲಿ ‘ಬೈ’, ‘ಬಿಫೋರ್’, ‘ಫಾರ್’ ಮುಂತಾದವನ್ನು ವಾಕ್ಯದ ಅಲಂಕಾರವೆಂದು ತಿಳಿಯುವಂತಿಲ್ಲ. ಅವು ಕಾಲದ ಅರ್ಧಭಾಗವೇ. ಶಾಲಾ ವ್ಯಾಕರಣಗಳು ರೂಪಕ್ಕೆ ಒಂದು ಪುಟ ಕೊಟ್ಟು ಕಾಲಸೂಚಕಕ್ಕೆ ಒಂದು ಸಾಲು ಕೊಡುವುದು ತಲೆಕೆಳಗಾದ ಲೆಕ್ಕ.

ಹೆಸರು ಮತ್ತು ಚರ್ಚೆ

ಈ ಕಾಲದ ಕಲ್ಪನೆ ಇಂಗ್ಲಿಷ್ ವ್ಯಾಕರಣಕ್ಕೆ ಬಂದದ್ದು ಲ್ಯಾಟಿನ್ನಿನಿಂದ. ಲ್ಯಾಟಿನ್ನಿನಲ್ಲಿ ಇದಕ್ಕೆ ಕ್ರಿಯಾಪದದ ಒಡಲಲ್ಲೇ ಪ್ರತ್ಯೇಕ ರೂಪವಿತ್ತು, ಅದನ್ನು ಫ್ಯುಟೂರುಮ್ ಎಕ್ಸಾಕ್ಟುಮ್ ಎನ್ನುತ್ತಿದ್ದರು. ಹಳೆಯ ಇಂಗ್ಲಿಷಿಗೆ ಸರಳ ಭವಿಷ್ಯತ್ತಿಗೇ ಬೇರೆ ರೂಪವಿರಲಿಲ್ಲ, ವರ್ತಮಾನವೇ ಎರಡೂ ಕೆಲಸ ಮಾಡುತ್ತಿತ್ತು. ಇಚ್ಛೆಯನ್ನು ಹೇಳುತ್ತಿದ್ದ ‘ವಿಲ್’, ಹೊಣೆಯನ್ನು ಹೇಳುತ್ತಿದ್ದ ‘ಶಲ್’ ಕ್ರಮೇಣ ಸವೆದು ಸಹಾಯಕ ಪದಗಳಾದವು. ಇವೆರಡರ ಹಂಚಿಕೆಗೆ 1653ರಲ್ಲಿ ಆಕ್ಸ್‌ಫರ್ಡಿನ ಗಣಿತಜ್ಞ ಜಾನ್ ವಾಲಿಸ್ ಲ್ಯಾಟಿನ್ ಭಾಷೆಯಲ್ಲಿ ಬರೆದ ತನ್ನ ಇಂಗ್ಲಿಷ್ ವ್ಯಾಕರಣದಲ್ಲಿ ನಿಯಮ ಕೊಟ್ಟ: ಮುಂದಾಗುವುದನ್ನು ಸುಮ್ಮನೆ ಹೇಳಲು ಉತ್ತಮ ಪುರುಷದಲ್ಲಿ ‘ಶಲ್’, ಉಳಿದವುಗಳಲ್ಲಿ ‘ವಿಲ್’. ಭಾರತದ ಶಾಲೆಗಳಲ್ಲಿ ಬಹುಕಾಲ ‘ಐ ಶಲ್ ಹ್ಯಾವ್’ ಎಂದೇ ಕಲಿಸುತ್ತಿದ್ದುದಕ್ಕೆ ಬೇರು ಇಲ್ಲಿದೆ. ಇಂದಿನ ಬಳಕೆಯಲ್ಲಿ ಎಲ್ಲ ಪುರುಷಗಳಿಗೂ ‘ವಿಲ್’ ಸಾಕು.

1795ರಲ್ಲಿ ಲಿಂಡ್ಲಿ ಮರ್ರೆಯ ವ್ಯಾಕರಣ ಇದನ್ನು ‘ಎರಡನೆಯ ಭವಿಷ್ಯತ್’ ಎಂದು ಕರೆಯಿತು. 1924ರಲ್ಲಿ ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಓಟೋ ಯೆಸ್ಪರ್ಸನ್ ಇದರ ಅರ್ಥಕ್ಕೆ ‘ಭವಿಷ್ಯದ ಮುಂಚಿನ ಕಾಲ’ ಎಂಬ ಹೆಸರು ಕೊಟ್ಟ. ಹೆಚ್ಚು ಬೆಳಕು ಚೆಲ್ಲಿದವನು ತತ್ತ್ವಶಾಸ್ತ್ರಜ್ಞ ಹನ್ಸ್ ರೈಖನ್‌ಬಾಖ್. 1947ರ ತನ್ನ ಸಾಂಕೇತಿಕ ತರ್ಕದ ಪುಸ್ತಕದಲ್ಲಿ ಆತ ಪ್ರತಿಯೊಂದು ಕಾಲದಲ್ಲೂ ಮೂರು ಬಿಂದುಗಳಿವೆ ಎಂದು ತೋರಿಸಿದ: ಮಾತಾಡುವ ಗಳಿಗೆ, ಘಟನೆಯ ಗಳಿಗೆ, ಮತ್ತು ಯಾವುದನ್ನು ಆಧಾರವಾಗಿಟ್ಟುಕೊಂಡು ನೋಡುತ್ತೇವೋ ಆ ಗಳಿಗೆ. ಪೂರ್ಣ ಭವಿಷ್ಯತ್ತಿನಲ್ಲಿ ಆಧಾರದ ಗಳಿಗೆ ಮಾತಿಗಿಂತ ಮುಂದಿದೆ, ಘಟನೆ ಆಧಾರಕ್ಕಿಂತ ಹಿಂದಿದೆ. ಆದರೆ ಘಟನೆಗೂ ಮಾತಿಗೂ ಇರುವ ನಂಟು ತೀರ್ಮಾನವಾಗಿಲ್ಲ. ಘಟನೆ ಇನ್ನು ಮುಂದೆ ಆಗಬಹುದು, ಈಗಲೇ ಆಗುತ್ತಿರಬಹುದು, ನಿನ್ನೆಯೇ ಆಗಿಹೋಗಿರಲೂಬಹುದು. ವರದಿಯನ್ನು ಆಗಲೇ ಬರೆದು ಮುಗಿಸಿ ಮೇಜಿನ ಖಾನೆಯಲ್ಲಿಟ್ಟವನನ್ನು ‘ವಿಲ್ ಯು ಹ್ಯಾವ್ ಫಿನಿಶ್ಡ್ ದ ರಿಪೋರ್ಟ್ ಬೈ ಮಂಡೇ?’ ಎಂದು ಕೇಳಿದರೆ ಅವನು ‘ಯೆಸ್’ ಎನ್ನಬಹುದು, ಅದು ಸುಳ್ಳಾಗದು. 1985ರಲ್ಲಿ ಭಾಷಾಶಾಸ್ತ್ರಜ್ಞ ಬರ್ನಾರ್ಡ್ ಕಾಮ್ರಿ ಈ ಅನಿಶ್ಚಿತತೆಯನ್ನೇ ಹಿಡಿದು, ಇಲ್ಲಿ ಮೂರು ಅರ್ಥಗಳಿಲ್ಲ, ಒಂದೇ ಅರ್ಥವಿದೆ, ಅದು ಘಟನೆಗೂ ಮಾತಿಗೂ ಇರುವ ಸಂಬಂಧವನ್ನು ಮುಟ್ಟುವುದೇ ಇಲ್ಲ ಎಂದು ವಾದಿಸಿದ. ರಾಡ್ನಿ ಹಡಲ್‌ಸ್ಟನ್ ಮತ್ತು ಜೆಫ್ರಿ ಪುಲಮ್ 2002ರ ಕೇಂಬ್ರಿಜ್ ವ್ಯಾಕರಣದಲ್ಲಿ ಇನ್ನೂ ಮುಂದೆ ಹೋದರು. ಇಂಗ್ಲಿಷಿಗೆ ಭವಿಷ್ಯತ್ಕಾಲವೇ ಇಲ್ಲ, ‘ವಿಲ್’ ಎಂಬುದು ‘ಮೇ’, ‘ಮಸ್ಟ್’ಗಳ ಸಾಲಿನ ಪದ ಎಂಬುದು ಅವರ ನಿಲುವು. ತರಗತಿಯಲ್ಲಿ ಹಳೆಯ ಹೆಸರು ಇದರಿಂದ ಅಳಿಸಿಹೋಗಿಲ್ಲ. ಆದರೆ ಮುಂದೆ ಬರುವ ‘ಬೈ ನೌ’ ಪ್ರಯೋಗವನ್ನು ವಿವರಿಸುವಾಗ ಈ ನಿಲುವು ಚೆನ್ನಾಗಿ ಒದಗಿಬರುತ್ತದೆ.

‘ಬೈ’ ಮತ್ತು ಅದರ ನೆರೆಹೊರೆ

ಈ ಕಾಲದ ಮುಖ್ಯ ಜೊತೆಗಾರ ‘ಬೈ’. ‘ಬೈ ಫ್ರೈಡೇ ಐ ವಿಲ್ ಹ್ಯಾವ್ ಪೇಂಟೆಡ್ ದ ಹೌಸ್’ ಎಂದರೆ ಶುಕ್ರವಾರದ ಹೊತ್ತಿಗೆ ಬಣ್ಣ ಬಳಿದಾಗಿರುತ್ತದೆ. ಕೆಲಸ ಮಂಗಳವಾರ ಮುಗಿದರೂ ಗುರುವಾರ ಮುಗಿದರೂ ವಾಕ್ಯ ನಿಜವೇ. ‘ಬೈ’ ಕೊನೆಯ ಗಡಿಯನ್ನು ಮಾತ್ರ ನೆಡುತ್ತದೆ, ಒಳಗಿನ ದಿನವನ್ನು ಆರಿಸುವುದಿಲ್ಲ. ಕ್ರಿಯಾರೂಪವೂ ಹೇಳುವುದು ಇಷ್ಟನ್ನೇ ಆದ್ದರಿಂದ ಎರಡೂ ಹೊಂದಿಕೊಳ್ಳುತ್ತವೆ. ‘ಬೈ 2061’, ‘ಬೈ ನೆಕ್ಸ್ಟ್ ಜೂನ್’, ‘ಬೈ ದೆನ್’, ‘ಬೈ ದಿ ಎಂಡ್ ಆಫ್ ದ ಮಂತ್’ ಎಲ್ಲವೂ ಇದೇ ಜಾತಿ.

‘ಬಿಫೋರ್ ಫ್ರೈಡೇ’ ಎಂದರೆ ಶುಕ್ರವಾರ ಲೆಕ್ಕಕ್ಕಿಲ್ಲ, ಗುರುವಾರವೇ ಕೊನೆ. ‘ಬೈ ಫ್ರೈಡೇ’ ಎಂದರೆ ಸಾಮಾನ್ಯವಾಗಿ ಶುಕ್ರವಾರವೂ ಸೇರುತ್ತದೆ. ಆದರೆ ಶುಕ್ರವಾರದ ಬೆಳಿಗ್ಗೆಯೋ ರಾತ್ರಿಯೋ ಎಂಬುದು ಜಗಳಕ್ಕೆ ಎಡೆಯಿರುವ ಪ್ರಶ್ನೆ. ಕರಾರುಪತ್ರ ಬರೆಯುವವರು ಈ ಜಗಳ ಬೇಡವೆಂದೇ ‘ಆನ್ ಆರ್ ಬಿಫೋರ್’ ಎಂದು ಉದ್ದಕ್ಕೆ ಬರೆಯುತ್ತಾರೆ.

ಇಂಗ್ಲಿಷ್ ಕಲಿಯುವವರನ್ನು ಆಗಾಗ ಎಡವಿಸುವುದು ‘ಬೈ’ ಮತ್ತು ‘ಅಂಟಿಲ್’ ನಡುವಣ ವ್ಯತ್ಯಾಸ. ‘ಅಂಟಿಲ್’ ಒಂದು ಸ್ಥಿತಿ ಆ ಗಡಿಯವರೆಗೂ ಬಿಡದೆ ಸಾಗುತ್ತದೆ ಎನ್ನುತ್ತದೆ. ‘ಬೈ’ ಒಂದು ಘಟನೆ ಆ ಗಡಿಯ ಒಳಗೆ ಒಮ್ಮೆ ಆಗುತ್ತದೆ ಎನ್ನುತ್ತದೆ. ಮುಗಿಸುವುದು ಸಾಗುವ ಸ್ಥಿತಿಯಲ್ಲ, ಆದ್ದರಿಂದ ‘ಐ ವಿಲ್ ಹ್ಯಾವ್ ಫಿನಿಶ್ಡ್ ಅಂಟಿಲ್ ಫ್ರೈಡೇ’ ತಪ್ಪು. ಜರ್ಮನ್ ಮಾತಾಡುವವರಿಗೆ ಎರಡಕ್ಕೂ ‘ಬಿಸ್’ ಎಂಬ ಒಂದೇ ಪದವಿರುವುದರಿಂದ ಈ ತಪ್ಪು ಅವರಲ್ಲಿ ಹೆಚ್ಚು. ಕನ್ನಡಿಗರು ಈ ವಿಷಯದಲ್ಲಿ ಅದೃಷ್ಟವಂತರು. ‘ಐದರ ಹೊತ್ತಿಗೆ’ ಮತ್ತು ‘ಐದರವರೆಗೆ’ ನಮ್ಮಲ್ಲಿ ಆಗಲೇ ಬೇರೆಬೇರೆ.

ನಿಷೇಧ ವಾಕ್ಯದಲ್ಲಿ ಎರಡೂ ಸರಿ, ಅರ್ಥ ಮಾತ್ರ ಬೇರೆ. ‘ಐ ವೋಂಟ್ ಹ್ಯಾವ್ ಫಿನಿಶ್ಡ್ ಬೈ ಫ್ರೈಡೇ’ ಎಂದರೆ ಶುಕ್ರವಾರದ ಹೊತ್ತಿಗೆ ಮುಗಿದಿರುವುದಿಲ್ಲ, ಮುಂದೆ ಯಾವಾಗ ಮುಗಿಯುತ್ತದೋ ಹೇಳಿಲ್ಲ. ‘ಐ ವೋಂಟ್ ಹ್ಯಾವ್ ಫಿನಿಶ್ಡ್ ಅಂಟಿಲ್ ಫ್ರೈಡೇ’ ಎಂದರೆ ಶುಕ್ರವಾರದ ತನಕ ಆಗದು, ಶುಕ್ರವಾರ ಆಗುತ್ತದೆ ಎಂಬ ಭರವಸೆ ಒಳಗೇ ಅಡಗಿದೆ. ಮೇಲಧಿಕಾರಿಗೆ ಪತ್ರ ಬರೆಯುವವರು ಈ ಎರಡರಲ್ಲಿ ಯಾವುದನ್ನು ಬರೆಯುತ್ತಿದ್ದೇವೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

‘ಬೈ’ ಕಂಡ ಕೂಡಲೇ ‘ವಿಲ್ ಹ್ಯಾವ್’ ತುಂಬುವುದು ಪರೀಕ್ಷೆಯ ಬಿಟ್ಟಸ್ಥಳಗಳು ಕಲಿಸಿದ ಚಾಳಿ. ಅದು ಸದಾ ಸರಿಹೋಗುವುದಿಲ್ಲ. ‘ಬೈ 1950 ಹಿ ಹ್ಯಾಡ್ ರಿಟೈರ್ಡ್’ ಎಂಬಲ್ಲಿ ಗಡಿ ಹಿಂದಿನದು, ಆದ್ದರಿಂದ ‘ಹ್ಯಾಡ್’. ಇನ್ನು ‘ಬೈ ಸೆವೆನ್ ಇಟ್ ವಿಲ್ ಬಿ ಡಾರ್ಕ್’ ಎಂಬಲ್ಲಿ ಗಡಿ ಮುಂದಿನದೇ. ಆದರೂ ಕತ್ತಲಿರುವುದು ಮುಗಿಯುವ ಕೆಲಸವಲ್ಲ, ಆ ಹೊತ್ತಿಗೆ ಇರುವ ಸ್ಥಿತಿ, ಅದಕ್ಕೆ ಸರಳ ಭವಿಷ್ಯತ್ತೇ ಸಾಕು.

ಉಪವಾಕ್ಯಗಳು

ಗಡಿ ಗಡಿಯಾರದ ಗಂಟೆಯೇ ಆಗಬೇಕಿಲ್ಲ, ಇನ್ನೊಂದು ಘಟನೆಯೂ ಆಗಬಹುದು. ಆಗ ‘ಬೈ ದ ಟೈಮ್’, ‘ವೆನ್’, ‘ಬಿಫೋರ್’ ಬರುತ್ತವೆ. ಇವುಗಳ ಮುಂದೆ ಬರುವ ಉಪವಾಕ್ಯದಲ್ಲಿ ಭವಿಷ್ಯತ್ತಿನ ‘ವಿಲ್’ ಇರಕೂಡದೆಂಬುದು ಇಂಗ್ಲಿಷಿನ ಕಟ್ಟುನಿಟ್ಟಿನ ನಿಯಮ. ‘ಬೈ ದ ಟೈಮ್ ಹ್ಯಾಲೀಸ್ ಕಾಮೆಟ್ ರಿಟರ್ನ್ಸ್ ಇನ್ 2061, ಸೆವೆಂಟಿ ಫೈವ್ ಇಯರ್ಸ್ ವಿಲ್ ಹ್ಯಾವ್ ಪಾಸ್ಡ್’. ಹ್ಯಾಲಿ ಧೂಮಕೇತು ಹಿಂದಿನ ಬಾರಿ ಬಂದದ್ದು 1986ರಲ್ಲಿ. ಅದು ಮರಳಿ ಬರುವುದು ಮುಂದಿನ ಮಾತಾದರೂ ‘ವಿಲ್ ರಿಟರ್ನ್’ ಎನ್ನುವಂತಿಲ್ಲ, ‘ರಿಟರ್ನ್ಸ್’ ಎಂಬ ವರ್ತಮಾನವೇ ಬೇಕು.

ಕನ್ನಡ ಮನೆಮಾತಿನವರು ಇಲ್ಲಿ ‘ಬೈ ದ ಟೈಮ್ ಐ ವಿಲ್ ಕಮ್’ ಎಂದು ಬರೆಯುವುದಕ್ಕೆ ಕಾರಣ ಹುಡುಕಿದರೆ ಅದು ನಮ್ಮ ವಾಕ್ಯದ ಒಳಗೇ ಸಿಗುತ್ತದೆ. ‘ನಾನು ಬರುವಷ್ಟರಲ್ಲಿ ಅವನು ಹೋಗಿರುತ್ತಾನೆ’ ಎನ್ನುವಾಗ ‘ಬರುವ’ ಎಂಬ ಕೃದಂತ ಇನ್ನೂ ಆಗದ ಕೆಲಸವನ್ನು ಸೂಚಿಸುತ್ತದೆ. ಅದರ ಭವಿಷ್ಯದ ಛಾಯೆ ಇಂಗ್ಲಿಷಿಗೆ ಹೊರಳುವಾಗ ‘ವಿಲ್’ ಆಗಿ ಹೊರಬೀಳುತ್ತದೆ.

‘ವೆನ್’ ಬಂದಾಗ ಕ್ರಿಯಾರೂಪದ ಆಯ್ಕೆಯೇ ಕತೆಯನ್ನು ಬದಲಿಸುತ್ತದೆ. ‘ವೆನ್ ಯು ಅರೈವ್, ವಿ ವಿಲ್ ಈಟ್’ ಎಂದರೆ ನೀವು ಬಂದ ಮೇಲೆ ಊಟ, ನಿಮಗೂ ಪಾಲುಂಟು. ‘ವೆನ್ ಯು ಅರೈವ್, ವಿ ವಿಲ್ ಹ್ಯಾವ್ ಈಟನ್’ ಎಂದರೆ ನೀವು ಬರುವ ಹೊತ್ತಿಗೆ ಎಲೆ ಎತ್ತಿಯಾಗಿರುತ್ತದೆ. ‘ಬಿಫೋರ್’ ಬಂದಾಗ ಈ ಕಷ್ಟವಿಲ್ಲ. ಯಾವುದು ಮೊದಲು ಯಾವುದು ಆಮೇಲೆ ಎಂದು ಆ ಪದವೇ ಹೇಳಿಬಿಟ್ಟಿರುವುದರಿಂದ ‘ವಿ ವಿಲ್ ಈಟ್ ಬಿಫೋರ್ ಯು ಅರೈವ್’ ಎಂಬ ಸರಳ ರೂಪವೂ ನಡೆಯುತ್ತದೆ. ಅಲ್ಲಿ ‘ವಿಲ್ ಹ್ಯಾವ್ ಈಟನ್’ ಎನ್ನುವುದು ಮುಗಿದಿರುವಿಕೆಗೆ ಒತ್ತು ಕೊಡಲಷ್ಟೇ.

‘ಇನ್’ ಮತ್ತು ‘ವಿದಿನ್’

‘ಇನ್ ಟೂ ಅವರ್ಸ್’ ಎಂಬುದಕ್ಕೆ ಎರಡು ಮುಖ. ಈಗಿನಿಂದ ಎಣಿಸಿ ಎರಡು ಗಂಟೆ ಕಳೆದ ಮೇಲೆ ಎಂಬುದೊಂದು, ಕೆಲಸಕ್ಕೆ ತಗಲುವ ಹೊತ್ತು ಎರಡು ಗಂಟೆ ಎಂಬುದಿನ್ನೊಂದು. ‘ಇನ್ ಟೂ ಅವರ್ಸ್ ಐ ವಿಲ್ ಹ್ಯಾವ್ ರೆಡ್ ಇಟ್’ ಎಂದು ಮೊದಲಿಗೆ ಹಾಕಿದರೆ ಮೊದಲನೆಯ ಅರ್ಥ ಬರುತ್ತದೆ. ಅನುಮಾನ ಪೂರ್ತಿ ಹೋಗಬೇಕಾದರೆ ‘ಇನ್ ಟೂ ಅವರ್ಸ್ ಟೈಮ್’ ಎನ್ನುತ್ತಾರೆ. ‘ವಿದಿನ್ ಟೂ ಅವರ್ಸ್’ ಎಂದರೆ ಆ ಅವಧಿ ಮೀರದಂತೆ. ‘ವಿದಿನ್’ ಮುಂದೆ ಬರಬೇಕಾದದ್ದು ಅವಧಿ, ಗಂಟೆಯ ಬಿಂದುವಲ್ಲ. ನಮ್ಮಲ್ಲಿ ಆಗಾಗ ಕೇಳುವ ‘ವಿದಿನ್ ಫೈವ್ ಓಕ್ಲಾಕ್’ ನೇರವಾಗಿ ‘ಐದು ಗಂಟೆಯೊಳಗೆ’ ಎಂಬುದರ ಮಗು. ‘ಒಳಗೆ’ ಎಂಬುದು ಕನ್ನಡದಲ್ಲಿ ಅವಧಿಗೂ ಬಿಂದುವಿಗೂ ಸಲ್ಲುತ್ತದೆ, ‘ವಿದಿನ್’ ಸಲ್ಲುವುದಿಲ್ಲ. ಅಲ್ಲಿ ಬೇಕಾದದ್ದು ‘ಬೈ ಫೈವ್’.

ಬಿಂದುವಿನ ಗೊಂದಲ

‘ಅಟ್ ಸಿಕ್ಸ್’, ‘ಆನ್ ಮಂಡೇ’ ಮುಂತಾದ ಖಚಿತ ಬಿಂದುಗಳು ಈ ಕಾಲದೊಂದಿಗೆ ಸೇರಿದಾಗ ಅರ್ಥ ಎರಡಾಗಿ ಸೀಳುತ್ತದೆ. ‘ಶಿ ವಿಲ್ ಹ್ಯಾವ್ ಲೆಫ್ಟ್ ಅಟ್ ಸಿಕ್ಸ್’ ಎಂಬಲ್ಲಿ ಆರು ಗಂಟೆ ನಾವು ನೋಡುವ ಗಡಿಯೇ, ಅಥವಾ ಅವಳು ಹೊರಟ ಗಳಿಗೆಯೇ? ಮೊದಲನೆಯದಾದರೆ ಅವಳು ಐದಕ್ಕೇ ಹೊರಟಿರಬಹುದು. ಎರಡನೆಯದಾದರೆ ಹೊರಟದ್ದು ಸರಿಯಾಗಿ ಆರಕ್ಕೆ, ಗಡಿ ಅದಕ್ಕೂ ಮುಂದೆ ಎಲ್ಲೋ ಇದೆ. ‘ಅಟ್ ಸಿಕ್ಸ್’ ವಾಕ್ಯದ ತಲೆಯಲ್ಲಿ ಬಂದರೆ ಅದು ಗಡಿಯಾಗುವ ಒಲವು ಹೆಚ್ಚು, ಬಾಲದಲ್ಲಿ ಬಂದರೆ ಎರಡೂ ಸಾಧ್ಯ.

ಇದರಲ್ಲೊಂದು ವಿಚಿತ್ರವಿದೆ. ವರ್ತಮಾನ ಪೂರ್ಣ ರೂಪವಾದ ‘ಹ್ಯಾಸ್ ಲೆಫ್ಟ್’ ಜೊತೆ ‘ಯೆಸ್ಟರ್‌ಡೇ ಅಟ್ ಸಿಕ್ಸ್’ ಎಂಬ ಖಚಿತ ಭೂತಕಾಲ ಸೇರುವುದೇ ಇಲ್ಲ. ‘ಹ್ಯಾಡ್ ಲೆಫ್ಟ್’ ಜೊತೆ, ‘ವಿಲ್ ಹ್ಯಾವ್ ಲೆಫ್ಟ್’ ಜೊತೆ ಖಚಿತ ಬಿಂದು ಸಲೀಸಾಗಿ ಸೇರುತ್ತದೆ. ಮೂರೂ ಒಂದೇ ಕುಟುಂಬದ ರೂಪಗಳಾಗಿರುವಾಗ ಒಂದಕ್ಕೆ ಮಾತ್ರ ಈ ಮಡಿ ಏಕೆಂದು ಭಾಷಾಶಾಸ್ತ್ರಜ್ಞರು ಬಹಳ ಕಾಲ ತಲೆ ಕೆಡಿಸಿಕೊಂಡಿದ್ದಾರೆ. 1992ರಲ್ಲಿ ವೋಲ್ಫ್‌ಗಾಂಗ್ ಕ್ಲೈನ್ ಇದೇ ಒಗಟಿನ ಹೆಸರಿನಲ್ಲಿ ಬರೆದ ಪ್ರಬಂಧ ಆ ಚರ್ಚೆಯಲ್ಲಿ ಮತ್ತೆಮತ್ತೆ ನೆನೆಯುವಂಥದ್ದು.

‘ಟುಮಾರೋ’ ಒಂದೇ ಬಂದರೂ ಇದೇ ಬಗೆಯ ಇರಿಸುಮುರಿಸು. ‘ಟುಮಾರೋ ಐ ವಿಲ್ ಹ್ಯಾವ್ ಫಿನಿಶ್ಡ್’ ತಡವರಿಸಿದಂತಿದೆ, ‘ಬೈ ಟುಮಾರೋ’ ಎಂದರೆ ನೆಟ್ಟಗಾಗುತ್ತದೆ. ‘ದಿಸ್ ಟೈಮ್ ಟುಮಾರೋ’ ನಡೆಯುತ್ತಿರುವ ಕೆಲಸಕ್ಕೆ, ಅಂದರೆ ‘ವಿಲ್ ಬಿ ಫ್ಲೈಯಿಂಗ್’ ಎಂಬಂಥದ್ದಕ್ಕೆ ಒಪ್ಪುತ್ತದೆ. ‘ಬೈ ದಿಸ್ ಟೈಮ್ ಟುಮಾರೋ’ ಎಂದರೆ ‘ವಿಲ್ ಹ್ಯಾವ್ ಲ್ಯಾಂಡೆಡ್’. ಒಂದು ‘ಬೈ’ ಸೇರಿದ್ದಕ್ಕೆ ವಿಮಾನ ನೆಲ ಮುಟ್ಟಿತು.

ಅವಧಿ: ‘ಫಾರ್’ ಮತ್ತು ‘ಸಿನ್ಸ್’

ಪೂರ್ಣ ನಿರಂತರ ರೂಪಕ್ಕೆ ಬೇಕಾಗುವುದು ಎರಡು ಕಾಲಸೂಚಕ: ಗಡಿ ಒಂದು, ಉದ್ದ ಒಂದು. ವಾಯೇಜರ್ 1 ನೌಕೆ ಹಾರಿದ್ದು 1977ರ ಸೆಪ್ಟೆಂಬರ್ 5ರಂದು. ‘ಆನ್ 5 ಸೆಪ್ಟೆಂಬರ್ 2027 ವಾಯೇಜರ್ 1 ವಿಲ್ ಹ್ಯಾವ್ ಬೀನ್ ಟ್ರಾವೆಲಿಂಗ್ ಫಾರ್ ಫಿಫ್ಟಿ ಇಯರ್ಸ್’ ಎಂಬ ವಾಕ್ಯದಲ್ಲಿ ಗಡಿಯೂ ಇದೆ, ಉದ್ದವೂ ಇದೆ. ಇಲ್ಲಿ ‘ಬೈ’ ಬದಲು ‘ಆನ್’ ಬಂದರೂ ಗೊಂದಲವಿಲ್ಲ, ಏಕೆಂದರೆ ಐವತ್ತು ವರ್ಷ ತುಂಬುವುದು ಆ ದಿನವೇ, ಮೊದಲೂ ಅಲ್ಲ ಆಮೇಲೂ ಅಲ್ಲ. ಉದ್ದವನ್ನು ಕೈಬಿಟ್ಟು ‘ವಿಲ್ ಹ್ಯಾವ್ ಬೀನ್ ಟ್ರಾವೆಲಿಂಗ್’ ಎಂದಷ್ಟೇ ನಿಲ್ಲಿಸಿದರೆ ವಾಕ್ಯ ಬೋಳಾಗುತ್ತದೆ.

ಎಲ್ಲ ಕ್ರಿಯಾಪದಗಳೂ ‘ಇಂಗ್’ ಒಪ್ಪುವುದಿಲ್ಲ. ಇರುವುದು, ತಿಳಿದಿರುವುದು, ಒಡೆತನ ಹೊಂದಿರುವುದು ಇಂಥ ಸ್ಥಿತಿಗಳಿಗೆ ಅವಧಿ ಹೇಳುವಾಗಲೂ ಸರಳ ಪೂರ್ಣರೂಪವೇ: ‘ಆನ್ 15 ಆಗಸ್ಟ್ 2047 ಇಂಡಿಯಾ ವಿಲ್ ಹ್ಯಾವ್ ಬೀನ್ ಇಂಡಿಪೆಂಡೆಂಟ್ ಫಾರ್ ಎ ಹಂಡ್ರೆಡ್ ಇಯರ್ಸ್’. ಹಾಗೆಯೇ ಎಷ್ಟು ಹೊತ್ತು ಎಂಬುದಕ್ಕೆ ನಿರಂತರ ರೂಪ, ಎಷ್ಟು ಸಂಖ್ಯೆ ಎಂಬುದಕ್ಕೆ ಸರಳ ರೂಪ. ‘ಬೈ ಮಾರ್ಚ್ ಶಿ ವಿಲ್ ಹ್ಯಾವ್ ಬೀನ್ ರೈಟಿಂಗ್ ಫಾರ್ ಸಿಕ್ಸ್ ಮಂತ್ಸ್’, ಆದರೆ ‘ಶಿ ವಿಲ್ ಹ್ಯಾವ್ ರಿಟನ್ ಫೋರ್ ಚಾಪ್ಟರ್ಸ್’.

‘ಸಿನ್ಸ್’ ವ್ಯಾಕರಣಕ್ಕೆ ವಿರುದ್ಧವಲ್ಲ, ಆದರೂ ಈ ಕಾಲದಲ್ಲಿ ಅಪರೂಪ. ಕಾರಣ ಸರಳವಾಗಿದೆ. ಆರಂಭದ ಬಿಂದು ಈಗಲೂ ಅದೇ, ಮುಂದೆಯೂ ಅದೇ. ಗಡಿ ಮುಂದೆ ಸರಿದಂತೆ ಬೆಳೆಯುವುದು ಉದ್ದ. ಭವಿಷ್ಯದಲ್ಲಿ ನಿಂತು ಹೇಳಲು ಹೊಸದಾಗಿ ಸಿಗುವ ಸುದ್ದಿ ಆ ಉದ್ದವೇ ಆದ್ದರಿಂದ ‘ಫಾರ್’ ಗೆಲ್ಲುತ್ತದೆ. ಭಾರತದ ಇಂಗ್ಲಿಷಿನಲ್ಲಿ ಮನೆಮಾಡಿರುವ ‘ಸಿನ್ಸ್ ಟೆನ್ ಇಯರ್ಸ್’ ಬೇರೆಯೇ ಕತೆ. ‘ಹತ್ತು ವರ್ಷದಿಂದ’, ‘2016ರಿಂದ’ ಎರಡಕ್ಕೂ ಕನ್ನಡದಲ್ಲಿ ಒಂದೇ ‘ಇಂದ’ ಪ್ರತ್ಯಯ. ಇಂಗ್ಲಿಷ್ ಮೊದಲನೆಯದಕ್ಕೆ ‘ಫಾರ್’, ಎರಡನೆಯದಕ್ಕೆ ‘ಸಿನ್ಸ್’ ಕೇಳುತ್ತದೆ. ಕನ್ನಡದಲ್ಲಿ ಇಂಥ ಮಾತನ್ನು ‘ಬರುವ ಜೂನಿಗೆ ನಾನು ಇಲ್ಲಿ ಸೇರಿ ಹತ್ತು ವರ್ಷ ಆಗುತ್ತೆ’ ಎಂದು ವರ್ಷವನ್ನೇ ಕರ್ತೃ ಮಾಡಿ ಮುಗಿಸುತ್ತೇವೆ. ‘ವಿಲ್ ಹ್ಯಾವ್ ಬೀನ್ ವರ್ಕಿಂಗ್’ ನಮ್ಮ ನಾಲಿಗೆಗೆ ಭಾರವೆನಿಸುವುದಕ್ಕೆ ಇದೂ ಒಂದು ಕಾರಣವಿರಬೇಕು.

‘ಬೈ ನೌ’: ಭವಿಷ್ಯವಲ್ಲದ ಭವಿಷ್ಯತ್

‘ದೇ ವಿಲ್ ಹ್ಯಾವ್ ರೀಚ್ಡ್ ಹೋಮ್ ಬೈ ನೌ’ ಎಂಬಲ್ಲಿ ಭವಿಷ್ಯದ ಸುಳಿವೇ ಇಲ್ಲ. ಅವರು ಮನೆ ಸೇರಿದ್ದನ್ನು ಕಂಡವರಿಲ್ಲ, ಮಾತಾಡುವವರು ಹೊರಟ ಹೊತ್ತನ್ನು ನೋಡಿ ಊಹಿಸುತ್ತಿದ್ದಾರೆ. ಗಡಿ ‘ಈಗ’ಕ್ಕೆ ಬಂದ ಕೂಡಲೇ ರೂಪ ಮುನ್ನುಡಿಯುವುದನ್ನು ಬಿಟ್ಟು ಊಹಿಸಲು ತೊಡಗುತ್ತದೆ. ‘ಹಿ ವಿಲ್ ಹ್ಯಾವ್ ಗಾಟ್ ದ ಲೆಟರ್ ಲಾಸ್ಟ್ ವೀಕ್’ ಎಂದು ‘ಕಳೆದ ವಾರ’ವನ್ನೂ ಇಲ್ಲಿ ಸೇರಿಸಬಹುದು. ‘ವಿಲ್’ ಕಾಲವಲ್ಲ, ‘ಮಸ್ಟ್’ನಂತೆ ಊಹೆಯ ಪದ ಎನ್ನುವವರ ಕೈಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗದು. ಫ್ರೆಂಚಿನ ಪೂರ್ಣ ಭವಿಷ್ಯತ್ತೂ ಹೀಗೆಯೇ ಊಹೆಗೆ ಹೊರಳುತ್ತದೆ. ಕನ್ನಡದ್ದಂತೂ ದಿನಬಳಕೆಯ ಮಾತು: ‘ಇಷ್ಟೊತ್ತಿಗೆ ಬಸ್ಸು ತುಮಕೂರು ದಾಟಿರುತ್ತೆ’ ಎನ್ನುವವರು ನಾಳೆಯ ಬಸ್ಸಿನ ಬಗ್ಗೆ ಹೇಳುತ್ತಿಲ್ಲ. ‘ನಾಳೆ ಇಷ್ಟೊತ್ತಿಗೆ’ ಎಂದು ಒಂದು ಪದ ಸೇರಿಸಿದರೆ ಅದೇ ‘ದಾಟಿರುತ್ತೆ’ ಮುನ್ಸೂಚನೆಯಾಗುತ್ತದೆ. ಅಂದರೆ ಇಲ್ಲಿ ಕನ್ನಡಿಗರು ಕಲಿಯಬೇಕಾದದ್ದು ಏನೂ ಉಳಿದಿಲ್ಲ, ಆದರೂ ಪಠ್ಯಗಳು ಈ ಬಳಕೆಯನ್ನು ಬಿಟ್ಟುಬಿಡುವುದರಿಂದ ನಮ್ಮವರು ಅದನ್ನು ಇಂಗ್ಲಿಷಿನಲ್ಲಿ ಆಡುವುದು ಕಡಿಮೆ.

ಸಣ್ಣ ಪದಗಳು ಮತ್ತು ನಿಜಬಳಕೆ

‘ಆಲ್ರೆಡಿ’, ‘ಪ್ರಾಬಬ್ಲಿ’, ‘ಸೂನ್’ ಮುಂತಾದವು ಹೆಚ್ಚಾಗಿ ‘ವಿಲ್’ ಮತ್ತು ‘ಹ್ಯಾವ್’ ನಡುವೆ ಕೂರುತ್ತವೆ: ‘ಶಿ ವಿಲ್ ಆಲ್ರೆಡಿ ಹ್ಯಾವ್ ಲೆಫ್ಟ್’. ‘ಹ್ಯಾವ್’ ಆದ ಮೇಲೆ ಹಾಕಿದರೂ ತಪ್ಪಿಲ್ಲ. ‘ಯೆಟ್’ ನಿಷೇಧದಲ್ಲಿ ಬರುತ್ತದೆ. ‘ಸೋ ಫಾರ್’, ‘ಲೇಟ್ಲಿ’ ವರ್ತಮಾನಕ್ಕೆ ಅಂಟಿಕೊಂಡವು, ಇಲ್ಲಿ ಒಗ್ಗುವುದಿಲ್ಲ. ‘ಅಗೋ’ ಕೂಡ ಮಾತಿನ ಗಳಿಗೆಯಿಂದ ಹಿಂದಕ್ಕೆ ಎಣಿಸುವ ಪದ, ಆದ್ದರಿಂದ ಊಹೆಯ ಬಳಕೆಯಲ್ಲಿ ಮಾತ್ರ ಅದಕ್ಕೆ ಪ್ರವೇಶ.

ಆಡುಮಾತಿನಲ್ಲಿ ಪೂರ್ಣ ಭವಿಷ್ಯತ್ ಅಪರೂಪ. ಇಂಗ್ಲಿಷ್ ಮನೆಮಾತಿನವರೂ ‘ಐ ವಿಲ್ ಹ್ಯಾವ್ ಫಿನಿಶ್ಡ್ ಬೈ ಫ್ರೈಡೇ’ ಎನ್ನುವುದಕ್ಕಿಂತ ‘ಐ ವಿಲ್ ಬಿ ಡನ್ ಬೈ ಫ್ರೈಡೇ’ ಎಂದು ಸ್ಥಿತಿಯ ರೂಪಕ್ಕೆ ಜಾರಿಕೊಳ್ಳುವುದೇ ಹೆಚ್ಚು. ‘ಬೈ’ ಗಡಿಯನ್ನು ಹೊತ್ತುಕೊಂಡಿರುವುದರಿಂದ ಕ್ರಿಯಾಪದ ಹಗುರಾದರೂ ಅರ್ಥಕ್ಕೆ ಧಕ್ಕೆಯಿಲ್ಲ. ಈ ರೂಪ ತನ್ನ ಪೂರ್ತಿ ಉದ್ದದಲ್ಲಿ ಕಾಣಸಿಗುವುದು ಯೋಜನಾ ವರದಿಗಳಲ್ಲಿ, ಖಗೋಳದ ಲೆಕ್ಕಗಳಲ್ಲಿ, ಸೇವೆಯ ವರ್ಷ ಎಣಿಸುವ ಬೀಳ್ಕೊಡುಗೆಯ ಪತ್ರಗಳಲ್ಲಿ. ಇವುಗಳಲ್ಲಿ ಗಡಿಯ ದಿನಾಂಕ ಮೊದಲೇ ಗೊತ್ತಾಗಿರುತ್ತದೆ, ಬರೆಯುವವರು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾರೆ.